ಒಂದೇ ಕುರ್ಚಿಯ ಸಂಗೀತ

ಕೊಪ್ಪದ ಬಳಿಯ ಬಾಳಗಡಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ಬಹುಶಃ ಮೊದಲ ಬಾರಿಗೆ, ತಮಗಾಗಿ ದುಬಾರಿ ವಸ್ತುವೊಂದನ್ನು ಕೊಳ್ಳಲು ಮನಸ್ಸು ಮಾಡಿದರು. ಅವರು ಬಯಸಿದ್ದು ಒಡವೆಯಲ್ಲ, ವಾಹನವಲ್ಲ. ಉತ್ಕೃಷ್ಟ ದರ್ಜೆಯ ಒಂದು ಜೊತೆ ಸ್ಟೀರಿಯೋ ಸ್ಪೀಕರುಗಳು. ಹಿಂದೆ ಅಡಿಕೆ ಮೂಟೆಗಳನ್ನು ಇಡುತ್ತಿದ್ದ, ಜಗಲಿಗೆ ತಾಗಿದ ಒಳಕೋಣೆಯನ್ನು ತೆರವು ಮಾಡಿ ಸಂಗೀತ ಕೇಳುವ ಕೋಣೆಯನ್ನಾಗಿಸುವುದು ಅವರ ಸಂಕಲ್ಪ. ಜೀವಮಾನವಿಡೀ ಮಿತವ್ಯಯಿಯಾಗಿದ್ದವರಲ್ಲಿ ಇಂತಹ ಆಸೆ ಹುಟ್ಟಿದರೆ ಆಕ್ಷೇಪಿಸಲು ಮನೆಯವರಿಗೆ ಬಾಯಿ ಬರುವುದಿಲ್ಲ. ಸಂಗೀತದ ಆಸೆಯೆಂದ ಮೇಲಂತೂ ಕೇಳುವುದೇ ಬೇಡ. ದುಂದುವೆಚ್ಚವು ಸದಭಿರುಚಿಯ ಉಡುಪು ತೊಟ್ಟು ಬಂದಾಗ ಅದನ್ನು ಗುರುತಿಸುವುದು ಕಷ್ಟ.

ಹೊಸ ಸ್ಪೀಕರು ಬೇಕಾದುದಕ್ಕೆ ಕಾರಣವೂ ಇತ್ತು. 1988ರಲ್ಲಿ ಬೆಂಗಳೂರಿನಿಂದ ತಂದ ಹಳೆಯ ಜೊತೆ ಯಾವಾಗಲೋ ಕರ್ಕಶವಾಗಿತ್ತು. ಬಿಚ್ಚಿ ನೋಡಿದರೆ, ಕಾಗದದ ಶಂಕುವನ್ನು ಅದರ ಚೌಕಟ್ಟಿಗೆ ಹಿಡಿದಿಡುವ ಫೋಮಿನ ಅಂಚು ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಫೋಮಿಗೆ ತೇವವೇ ಶತ್ರು. ವರ್ಷದ ನಾಲ್ಕು ತಿಂಗಳು ಗೋಡೆಯೇ ಬೆವರುವ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವ ಮಲೆನಾಡಿನಲ್ಲಿ ಅದು ಹೆಚ್ಚು ಕಾಲ ಬಾಳದು. ರಬ್ಬರಿನ ಅಂಚು ಬಾಳುತ್ತದೆ. ಈ ಸೀಮೆಯವರು ಸ್ಪೀಕರು ಕೊಳ್ಳುವಾಗ ಬೆಲೆ ವಿಚಾರಿಸುವ ಮೊದಲು ಅಂಚನ್ನು ವಿಚಾರಿಸುವುದು ಲೇಸು.

ಬೆಂಗಳೂರಿನಲ್ಲಿರುವ ಕಿರಿಯ ಮಗ ವಿದೇಶದ ಒಂದು ಜೊತೆಯನ್ನು ಸೂಚಿಸಿದ. ಬೆಲೆ ಆರು ಲಕ್ಷ ರೂಪಾಯಿ. ಆ ವರ್ಷ ಅಡಿಕೆಗೆ ಧಾರಣೆ ಚೆನ್ನಾಗಿತ್ತು. ಹಣದ ಅಡ್ಡಿ ಇರಲಿಲ್ಲ. ಯಜಮಾನರ ಪತ್ನಿ ಬೆಲೆಯ ಬಗ್ಗೆ ಏನನ್ನೂ ಹೇಳಲಿಲ್ಲ. "ಆ ಕೋಣೆಯಲ್ಲಿ ಭಾವನವರು ಎಲ್ಲಿ ಕೂರಬೇಕು?" ಎಂದು ಮಾತ್ರ ಕೇಳಿದರು.

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಆ ಮನೆಗೆ ರೇಡಿಯೋ ತಂದವರು ಯಜಮಾನರ ಅಣ್ಣ. ತಮ್ಮನನ್ನು ಓದಿಸಲು ತಮ್ಮ ಓದನ್ನು ನಿಲ್ಲಿಸಿ ತೋಟಕ್ಕಿಳಿದವರೂ ಅವರೇ. ಸುಗ್ಗಿಯ ರಾತ್ರಿಗಳಲ್ಲಿ ಜಗಲಿಯ ಮೇಲೆ ರೇಡಿಯೋ ಇಟ್ಟು, ಅಂಗಳದ ತುಂಬ ಕುಳಿತು ಅಡಿಕೆ ಸುಲಿಯುತ್ತಿದ್ದ ಇಪ್ಪತ್ತು ಮಂದಿಗೂ ಕೇಳುವಂತೆ ಅದರ ಕಿವಿ ತಿರುಪುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರ ಕಂಠ ತಮ್ಮನಿಗೆ ಮೊದಲು ಪರಿಚಯವಾದದ್ದು ಅಲ್ಲಿಯೇ. ಆ ರೇಡಿಯೋದ ಧ್ವನಿ ಗುಣದಲ್ಲಿ ಸಾಧಾರಣವಾದುದು; ಆದರೆ ಅದು ಕೊನೆಯ ಸಾಲಿನವರೆಗೂ ತಲುಪುತ್ತಿತ್ತು. ಕೊನೆಯ ಸಾಲಿನ ಕಾಳಜಿ ನಮ್ಮ ಸಂಗೀತಗಾರರಿಗೆ ಹೊಸದಲ್ಲ. ಧ್ವನಿವರ್ಧಕಗಳು ಅಪರೂಪವಾಗಿದ್ದ ಕಾಲದಲ್ಲಿ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾರ್ಪಡಿಸಿಕೊಂಡದ್ದು ಸಭೆಯ ಹಿಂಬದಿಯಲ್ಲಿ ಕುಳಿತವರಿಗೂ ನಾದ ಮುಟ್ಟಲೆಂದೇ.

ಬೆಂಗಳೂರಿನ ಅಂಗಡಿಯಲ್ಲಿ ಸ್ಪೀಕರುಗಳ ಎದುರು ಇದ್ದದ್ದು ಒಂದೇ ಕುರ್ಚಿ. ಪತಿ ಅದರಲ್ಲಿ ಕುಳಿತರು. ಪತ್ನಿ ಪಕ್ಕದಲ್ಲಿ ನಿಂತರು. ಪಕ್ಕದವರಿಗೂ ಹೀಗೆಯೇ ಕೇಳುತ್ತದೆಯೇ ಎಂಬ ಪ್ರಶ್ನೆಗೆ ಅಂಗಡಿಯವರು ಪ್ರಾಮಾಣಿಕವಾಗಿಯೇ ಉತ್ತರಿಸಿದರು: ಹಾಡು ಕೇಳುತ್ತದೆ, ಆದರೆ ಗಾಯಕ ಎದುರಿಗೆ ಕುಳಿತಂತೆ ಅನ್ನಿಸದು. ಇದು ಆ ಸ್ಪೀಕರುಗಳ ದೋಷವಲ್ಲ, ಸ್ಟೀರಿಯೋದ ಸ್ವಭಾವ. ಇಂಗ್ಲೆಂಡಿನ ಅಲನ್ ಬ್ಲೂಮ್ಲಿನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಈ ವಿಧಾನದಲ್ಲಿ ಎರಡು ಪೆಟ್ಟಿಗೆಗಳಿಂದ ಬರುವ ಶಬ್ದಗಳು ಎರಡು ಕಿವಿಗಳಲ್ಲಿ ಕೂಡಿ ಒಂದು ಭ್ರಮೆಯನ್ನು ಸೃಷ್ಟಿಸುತ್ತವೆ. ಎರಡು ಪೆಟ್ಟಿಗೆ, ಒಬ್ಬ ಕೇಳುಗ, ಇವು ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿದ್ದಾಗ ಆ ಭ್ರಮೆ ಪೂರ್ಣ. ಕೇಳುಗ ಎರಡಡಿ ಪಕ್ಕಕ್ಕೆ ಸರಿದರೆ ಹತ್ತಿರದ ಪೆಟ್ಟಿಗೆಯ ಶಬ್ದ ಮೊದಲು ತಲುಪಿ, ಗಾಯಕನೂ ಆ ಕಡೆಗೆ ವಾಲುತ್ತಾನೆ. ಇನ್ನು, ಉಪಾಧ್ಯಾಯರ ಸಂಗ್ರಹದಲ್ಲಿ ಅವರಿಗೆ ಅತ್ಯಂತ ಪ್ರಿಯವಾದವು ಮನ್ಸೂರರ ಹಳೆಯ ಮುದ್ರಿಕೆಗಳು. ಅವು ಏಕವಾಹಿನಿಯವು; ಎರಡು ಪೆಟ್ಟಿಗೆಗಳಿಂದಲೂ ಬರುವುದು ಒಂದೇ ಧ್ವನಿ. ಅವುಗಳಿಗೆ ತ್ರಿಕೋನದಿಂದ ದೊರೆಯುವ ಲಾಭ ಅತ್ಯಲ್ಪ.

ಮಗ ಒಂದು ಪರೀಕ್ಷೆಯನ್ನು ಏರ್ಪಡಿಸಿದ. ಆರು ಲಕ್ಷದ ಜೊತೆಯನ್ನೂ ಎಂಬತ್ತು ಸಾವಿರದ ಒಂದು ಜೊತೆಯನ್ನೂ ತೆಳುವಾದ ಪರದೆಯ ಹಿಂದೆ ಇಟ್ಟು, ಧ್ವನಿಯ ಮಟ್ಟವನ್ನು ಸರಿದೂಗಿಸಿ, ಯಾವುದು ನುಡಿಯುತ್ತಿದೆಯೆಂದು ಹೇಳದೆ ಹತ್ತು ಸಲ ಕೇಳಿಸಿದ. ಮಟ್ಟ ಸರಿದೂಗಿಸದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಕೊಂಚ ಜೋರಾಗಿ ಕೇಳಿಸುವುದೇ ಮೇಲೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ತಬಲದ ಡಗ್ಗಾ ಇದ್ದ ಕಡೆ ದುಬಾರಿಯ ಜೊತೆ ನಿಸ್ಸಂದೇಹವಾಗಿ ಗೆದ್ದಿತು. ಬರಿಯ ಕಂಠವಿದ್ದ ಕಡೆ ಉಪಾಧ್ಯಾಯರು ಅರ್ಧ ಸಲ ಇದನ್ನು, ಅರ್ಧ ಸಲ ಅದನ್ನು ಆರಿಸಿದರು. ಪರದೆ ಸರಿಸಿ, ಪಾಲಿಷ್ ಮಾಡಿದ ಆ ಎತ್ತರದ ಪೆಟ್ಟಿಗೆಗಳನ್ನು ಕಂಡೊಡನೆ ಅದೇ ಕಂಠ ಅವುಗಳಲ್ಲಿಯೇ ಮಧುರವೆನಿಸಿತು! ಈ ವಿಷಯದಲ್ಲಿ ಅವರು ಒಂಟಿಯಲ್ಲ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅನುಭವಿ ಕೇಳುಗರೂ ಸ್ಪೀಕರು ಕಣ್ಣಿಗೆ ಬಿದ್ದಾಗ ಒಂದು ರೀತಿ, ಮರೆಯಾಗಿದ್ದಾಗ ಇನ್ನೊಂದು ರೀತಿ ಅಂಕ ಕೊಟ್ಟಿದ್ದರು. ಕಿವಿಯ ಹೆಸರಿನಲ್ಲಿ ಕಣ್ಣು ಎಷ್ಟನ್ನು ಕೊಂಡುಬಿಡುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ವಿರಳ.

ಡಗ್ಗಾದ ಗಾಂಭೀರ್ಯಕ್ಕಾಗಿಯಾದರೂ ದುಬಾರಿಯದನ್ನು ತರಬಹುದಿತ್ತು. ಆದರೆ ಒಳಕೋಣೆಯ ಉದ್ದ 12 ಅಡಿ, ಅಗಲವೂ ಎತ್ತರವೂ ಹತ್ತತ್ತು ಅಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 12 ಅಡಿಯ ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಹೋಗಿ ಮರಳುವ ದೂರ ಸುಮಾರು 7.3 ಮೀಟರ್. ಭಾಗಿಸಿದರೆ 47 ಬರುತ್ತದೆ. ಸೆಕೆಂಡಿಗೆ 47 ಕಂಪನಗಳ ಮಂದ್ರ ಧ್ವನಿ ಆ ಕೋಣೆಯಲ್ಲಿ ತಾನೇ ತಾನಾಗಿ ಉಬ್ಬುತ್ತದೆಯೆಂದು ಅರ್ಥ. ಹತ್ತು ಅಡಿಗೆ 56. ಅಗಲವೂ ಎತ್ತರವೂ ಸಮನಾಗಿರುವುದರಿಂದ ಆ ಉಬ್ಬರ ಇಮ್ಮಡಿ. ದೊಡ್ಡ ಪೆಟ್ಟಿಗೆ ಎಷ್ಟು ಆಳಕ್ಕಿಳಿಯುತ್ತದೆಯೋ ಅಷ್ಟೂ ಆ ಕೋಣೆಯಲ್ಲಿ ಬರಿಯ ಗುಂಯ್‌ಗುಟ್ಟುವಿಕೆಯಾಗುತ್ತದೆ. ಒಂದು ಬದಿ ಪೂರ್ತಿ ತೆರೆದಿರುವ ಜಗಲಿಗೆ ಈ ಬಾಧೆ ಕಡಿಮೆ. ಮಂದ್ರ ಧ್ವನಿ ಅಂಗಳಕ್ಕೆ ಹರಿದುಹೋಗುತ್ತದೆ.

ಅಣ್ಣನವರಿಗೆ ಈಗ ಎಪ್ಪತ್ತೈದು. ಐದಾರು ವರ್ಷಗಳಿಂದ ಅವರ ಶ್ರವಣಶಕ್ತಿ ಕುಗ್ಗುತ್ತ ಬಂದಿತ್ತು. ಮೊದಲು ಹೋದದ್ದು ಸಂಗೀತ, ಬಳಿಕ ಮೊಮ್ಮಕ್ಕಳ ಮಾತು. ಕೇಳಿಸದವರು ಮನೆಯಲ್ಲಿದ್ದರೆ ಇತರರು ಮೊದಮೊದಲು ಎರಡು ಸಲ ಹೇಳುತ್ತಾರೆ, ಆಮೇಲೆ ಒಂದು ಸಲ, ಕೊನೆಗೆ ಹೇಳುವುದನ್ನೇ ಬಿಡುತ್ತಾರೆ. ಆ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಶ್ರವಣಯಂತ್ರದ ಪ್ರಸ್ತಾಪ ಬಂದಾಗಲೆಲ್ಲ ಅಣ್ಣನವರು "ಈ ವಯಸ್ಸಿಗೆ ಅಷ್ಟು ದುಡ್ಡು ಯಾಕೆ?" ಎಂದು ತಳ್ಳಿಹಾಕುತ್ತಿದ್ದರು, ತಳ್ಳಿಹಾಕಿದ್ದನ್ನು ಮನೆಯವರು ಅನುಕೂಲವಾಗಿ ಒಪ್ಪಿಕೊಳ್ಳುತ್ತಿದ್ದರು. ಪತ್ನಿಯ ಆ ಒಂದು ಮಾತು ಉಪಾಧ್ಯಾಯರಿಗೆ ನಾಟಿದ್ದು ಇಲ್ಲಿ.

ಎಂಬತ್ತು ಸಾವಿರದ ಜೊತೆ ಬಾಳಗಡಿಗೆ ಬಂತು. ಅಂಚು ರಬ್ಬರಿನದು. ಅಣ್ಣನವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ, ಎರಡು ಕಿವಿಗಳಿಗೂ ಯಂತ್ರ ಹಾಕಿಸಲಾಯಿತು. ಆದರೆ ಊರಿಗೆ ಮರಳಿ ಮನ್ಸೂರರ ಮುದ್ರಿಕೆ ಹಾಕಿದಾಗ, "ತಂಬೂರಿ ಎಲ್ಲಿ ಹೋಯಿತು?" ಎಂದರು ಅಣ್ಣನವರು. ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗಾಗಿ ರೂಪಿಸಿರುತ್ತಾರೆ. ಏರಿಳಿತವಿಲ್ಲದೆ ಒಂದೇ ಸಮನೆ ಮುಂದುವರಿಯುವ ಧ್ವನಿಯನ್ನು ಅವು ಪಂಖದ ಸದ್ದಿನ ಹಾಗೆ ಗದ್ದಲವೆಂದೇ ಬಗೆದು ತಗ್ಗಿಸಿಬಿಡುತ್ತವೆ. ತಂಬೂರಿಯ ಶ್ರುತಿಯಾದರೋ ಒಂದೇ ಸಮನೆ ಇರಬೇಕಾದದ್ದು. ಮತ್ತೊಮ್ಮೆ ಮೈಸೂರಿಗೆ ಹೋಗಿ ಸಂಗೀತಕ್ಕೆಂದು ಬೇರೆಯೇ ಒಂದು ಹೊಂದಾಣಿಕೆಯನ್ನು ಮಾಡಿಸಿಕೊಂಡು ಬರಬೇಕಾಯಿತು. ತಂಬೂರಿ ಮರಳಿತು, ಮೊದಲಿನಷ್ಟು ತುಂಬಿಕೊಂಡು ಅಲ್ಲವಾದರೂ.

ಒಳಕೋಣೆಗೆ ಅಡಿಕೆ ಮೂಟೆಗಳು ಹಿಂದಿರುಗಿವೆ. ಸ್ಪೀಕರುಗಳು ಜಗಲಿಯ ಎರಡು ಕಂಬಗಳ ಬಳಿ ಇವೆ. ಮಳೆಗಾಲದಲ್ಲಿ ಅವುಗಳಿಗೆ ಅಡುಗೆಮನೆಯ ಒಲೆಯ ಹಿಂಬದಿಯ ಗೋಡೆಯೇ ಗತಿ. ಹಂಚಿನ ಮೇಲೆ ಮಳೆ ಹೊಡೆಯುವ ಹೊತ್ತಿನಲ್ಲಿ ಆರು ಲಕ್ಷದ್ದಾದರೂ ಎಂಬತ್ತು ಸಾವಿರದ್ದಾದರೂ ಕೇಳುವುದು ಮಳೆಯೇ. ಸಂಜೆ ಮುದ್ರಿಕೆ ಹಾಕಿದರೆ ಅಣ್ಣನವರು ಬಲಗಡೆಯ ಪೆಟ್ಟಿಗೆಗೆ ನಾಲ್ಕಡಿ ದೂರದಲ್ಲಿ ಕೂರುತ್ತಾರೆ; ಅತ್ತಿಗೆ, ಪತ್ನಿ, ತೋಟದ ಕೆಲಸದವರು ತಮ್ಮ ತಮ್ಮ ಜಾಗಗಳಲ್ಲಿ. ಸಮಬಾಹು ತ್ರಿಕೋನದ ತುದಿಯಲ್ಲಿ ಯಾರೂ ಇರುವುದಿಲ್ಲ. ಆ ಜೊತೆಯ ಡಗ್ಗಾವನ್ನು ಉಪಾಧ್ಯಾಯರು ಮರೆತಿಲ್ಲ. ಅದರ ಬಣ್ಣದ ಕೈಪಿಡಿ ಇನ್ನೂ ಅವರ ಮೇಜಿನ ಖಾನೆಯಲ್ಲಿದೆ. ಅಣ್ಣನವರಾದರೋ ಹಾಡು ಮುಗಿದು ತೋಟದ ಲೆಕ್ಕದ ಮಾತು ಆರಂಭವಾಯಿತೆಂದರೆ ಎರಡೂ ಯಂತ್ರಗಳನ್ನು ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿಬಿಡುತ್ತಾರೆ.