ಕೈಮುಗಿದ ಮನೆಗಳ ಊರಿನಲ್ಲಿ ಬೆಂಕಿಯ ಕಾವಲು

ತಕಾಯಾಮಾದಿಂದ ಹೊರಟ ಬಸ್ಸು ಒಂದರ ಹಿಂದೊಂದು ಸುರಂಗಗಳನ್ನು ದಾಟಿ, ಒಂದು ಗಂಟೆಯೊಳಗೆ ನಮ್ಮನ್ನು ಶಿರಕಾವಾಗೋ ಕಣಿವೆಯಲ್ಲಿ ಇಳಿಸಿತು. ಜಪಾನಿನ ಗಿಫು ಪ್ರಾಂತದ ಈ ಕಣಿವೆಯಲ್ಲಿ, ಶೋ ನದಿಯ ದಡದಲ್ಲಿ, ಒಗಿಮಾಚಿ ಎಂಬ ಪುಟ್ಟ ಹಳ್ಳಿಯಿದೆ. ಸುತ್ತ ಬೆಟ್ಟ, ನಡುವೆ ಭತ್ತದ ಗದ್ದೆ, ಗದ್ದೆಗಳ ಮಧ್ಯೆ ಹುಲ್ಲು ಹೊದಿಸಿದ ಭಾರಿ ಮನೆಗಳು. ಕಡಿದಾದ ಎರಡು ಇಳಿಜಾರುಗಳು ನೆತ್ತಿಯಲ್ಲಿ ಕೂಡುವ ಬಗೆ ನೋಡಿದರೆ ಯಾರೋ ನಮಸ್ಕಾರಕ್ಕೆ ಕೈ ಜೋಡಿಸಿದಂತೆ ಕಾಣುತ್ತದೆ. ಜಪಾನೀಯರು ಈ ಮನೆಗಳಿಗೆ 'ಗಾಸ್ಶೋ' ಎನ್ನುವುದೂ ಅದಕ್ಕೇ. ಆ ಮಾತಿನ ಅರ್ಥ, ಮುಗಿದ ಕೈ. 1995ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಲ್ಲರೂ ಮನೆಗಳ ಫೋಟೊ ತೆಗೆಯುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ಗದ್ದೆಯ ಅಂಚಿನ ಒಂದು ಪುಟಾಣಿ ಗುಡಿಸಲು. ಅದಕ್ಕೂ ಅದೇ ಇಳಿಜಾರು ಮಾಡು. ಯಾವುದೋ ಗ್ರಾಮದೇವತೆಯ ಗುಡಿ ಇರಬೇಕು ಎಂದುಕೊಂಡೆ. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು. ವಿಚಾರಿಸಿದಾಗ ತಿಳಿಯಿತು: ಒಳಗಿರುವುದು ದೇವರಲ್ಲ, ನೀರು ಚಿಮ್ಮಿಸುವ ಕೊಳವೆ!

ಹುಲ್ಲಿನ ಕೆಳಗೆ ಒಲೆ

ಈ ಮನೆಗಳಿಗೆ ಬೆಂಕಿಯೊಂದಿಗೆ ವಿಚಿತ್ರ ಸಂಬಂಧ. ನೆಲದ ನಡುವೆ ಇರುವ ತೆರೆದ ಒಲೆಯ ಹೊಗೆ ಮೇಲೇರಿ ಹುಲ್ಲನ್ನು ಒಣಗಿಸುತ್ತದೆ, ಹುಳುಹುಪ್ಪಟೆ ಸೇರದಂತೆ ಕಾಯುತ್ತದೆ. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ನಮ್ಮ ರಾಮನಗರದ ಕಡೆಯವರಿಗೆ ಅಟ್ಟದ ಆ ತಟ್ಟೆಗಳ ಗುರುತು ಹತ್ತೀತು. ನೆಲಮಾಳಿಗೆಯಂಥ ಗುಂಡಿಗಳಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದುದು ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು. ಮೇಲೆ ಒಣಹುಲ್ಲು, ನಡುವೆ ಉರಿಯುವ ಒಲೆ, ಕೆಳಗೆ ಮದ್ದಿನ ಸಾಮಗ್ರಿ! ಒಂದು ಕಿಡಿ ಹಾರಿದರೆ ಒಂದು ಮನೆಯಲ್ಲ, ಊರೇ ಹೋಗುತ್ತದೆ.

ಇಂಥ ಊರು ಅಗ್ನಿಶಾಮಕ ದಳದ ವಾಹನ ಬರುವವರೆಗೆ ಕಾಯುವಂತಿಲ್ಲ. ಚಳಿಗಾಲದಲ್ಲಿ ಇಲ್ಲಿ ಆಳೆತ್ತರ ಹಿಮ ಬೀಳುತ್ತದೆ. ಹಾಗಾಗಿ ಬೆಂಕಿಯ ಬಳಿ ಮೊದಲು ನಿಲ್ಲಬೇಕಾದವರು ಊರವರೇ.

ಜಪಾನಿನಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಸಂಬಳದ ಅಗ್ನಿಶಾಮಕ ಸಿಬ್ಬಂದಿಯ ಜೊತೆಗೆ 'ಶೋಬೋದಾನ್' ಎಂಬ ಊರವರ ದಳವಿರುತ್ತದೆ. ರೈತರು, ಅಂಗಡಿಯವರು, ಕಚೇರಿ ನೌಕರರು ಇದರ ಸದಸ್ಯರು. ಪಂಪು ನಡೆಸುವುದು, ಕೊಳವೆ ಹಿಡಿಯುವುದು, ಮುದುಕರನ್ನು ಮನೆಯಿಂದ ಹೊರತರುವುದು, ಎಲ್ಲವನ್ನೂ ಇವರು ಕಲಿತಿರುತ್ತಾರೆ. ಈ ಪದ್ಧತಿಯ ಬೇರು ಹಳೆಯದು. ಇಂದಿನ ಟೋಕಿಯೊ ಎದೋ ಎಂಬ ಹೆಸರಿನಲ್ಲಿದ್ದಾಗ, 1720ರಲ್ಲೇ, ಅಲ್ಲಿನ ಕೇರಿಕೇರಿಯ ಜನರನ್ನು ಬೆಂಕಿ ಆರಿಸುವ ತಂಡಗಳಾಗಿ ವಿಂಗಡಿಸಿದ್ದರು.

ಪೊಲೀಸರದೂ ಇದೇ ರೀತಿ. ಪಟ್ಟಣದ ಬೀದಿಗಳಲ್ಲಿ 'ಕೋಬಾನ್' ಎಂಬ ಪುಟ್ಟ ಠಾಣೆಗಳಿವೆ. ಹಳ್ಳಿಗಳಲ್ಲಾದರೆ ಠಾಣೆ, ಮನೆ ಎರಡೂ ಒಂದೇ ಸೂರಿನಡಿ. ಪೊಲೀಸ್ ಅಧಿಕಾರಿ ಸಂಸಾರ ಸಮೇತ ಅಲ್ಲೇ ವಾಸ. ಮನೆಮನೆಗೆ ಹೋಗಿ ಬರುವುದು ಅವರ ಕರ್ತವ್ಯದ ಒಂದು ಭಾಗ. ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ ಎಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ. ಆಪತ್ತಿನ ವೇಳೆ ಅಂಥ ತಿಳಿವಳಿಕೆಯೇ ಜೀವ ಉಳಿಸುತ್ತದೆ.

ಐವತ್ತೊಂಬತ್ತು ಕಾರಂಜಿ

ಒಗಿಮಾಚಿಯಲ್ಲಿ ಅಂಥ 59 ನೀರಿನ ಕೊಳವೆಗಳಿವೆ. ಎತ್ತರದ ತೊಟ್ಟಿಯಿಂದ ನೀರು ತನ್ನ ಭಾರದಿಂದಲೇ ಇಳಿದು ಬರುವುದರಿಂದ ಕರೆಂಟು ಹೋದರೂ ಕೆಲಸ ನಿಲ್ಲದು. ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಿಗೆ, ಇಡೀ ಊರು ಸೇರಿ ಅಭ್ಯಾಸ ನಡೆಸುತ್ತದೆ. ಸೈರನ್ ಕೂಗುತ್ತಲೇ ಗುಡಿಸಲುಗಳ ಮಾಡು ಸರಿದು, ಮಾಡುಗಳಿಗಿಂತಲೂ ಎತ್ತರಕ್ಕೆ ನೀರು ಚಿಮ್ಮುತ್ತದೆ. ನೋಡಲು ಬರುವವರಿಗೆ ಅದು ಹಬ್ಬ, ಊರವರಿಗೆ ಪರೀಕ್ಷೆ. ಉರಿಯುವ ಮನೆಯನ್ನು ಆರಿಸುವುದಷ್ಟೇ ಇದರ ಉದ್ದೇಶವಲ್ಲ. ನೆರೆಮನೆಗಳ ಹುಲ್ಲು ತೋಯಿಸಿ, ಕಿಡಿ ಬಿದ್ದರೂ ಹತ್ತದಂತೆ ಮಾಡುವುದು ಮುಖ್ಯ.

ಉಪಕರಣಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು ದಿನನಿತ್ಯದ ಗಸ್ತು. ಊರವರು ಸರದಿಯ ಮೇಲೆ ಸುತ್ತು ಹೊರಟು, "ಹಿ ನೋ ಯೋಜಿನ್" ಎಂದು ನೆನಪಿಸುತ್ತಾರೆ. ಬೆಂಕಿ, ಜೋಕೆ! ಸರದಿ ಬಂದವರು ತಪ್ಪಿಸಿಕೊಳ್ಳುವುದಿಲ್ಲ. ಮನೆಯ ಮಾಡು ಹೊದಿಸುವುದೂ ಹೀಗೆಯೇ. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಬದಲಿಸುವಾಗ ನೂರಾರು ಜನ ಕೂಡುತ್ತಾರೆ. ಅದಕ್ಕೆ 'ಯುಯಿ' ಎಂದು ಹೆಸರು. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿಯೇ ಅದು. ಇಂದು ನಿನಗೆ ನಾನು, ನಾಳೆ ನನಗೆ ನೀನು.

ನಿಜವಾದ ಪರೀಕ್ಷೆ

2019ರ ಅಕ್ಟೋಬರ್ 31ರ ನಸುಕಿನಲ್ಲಿ ಒಕಿನಾವಾದ ಶುರಿ ಕೋಟೆಯ ಅರಮನೆ ಸುಟ್ಟುಹೋಯಿತು. ಜಪಾನ್ ಆ ದುಃಖದಲ್ಲಿರುವಾಗಲೇ, ನವೆಂಬರ್ 4ರ ಮಧ್ಯಾಹ್ನ, ಒಗಿಮಾಚಿಯ ನದಿಯಾಚೆ ವಾಹನಗಳನ್ನು ನಿಲ್ಲಿಸುವ ಜಾಗದ ಬಳಿ ಬೆಂಕಿ ಕಾಣಿಸಿತು. ಎರಡು ಚಿಕ್ಕ ಕಟ್ಟಡಗಳು ಉರಿದವು. ವರ್ಷವರ್ಷವೂ ಮಾಡಿದ ಅಭ್ಯಾಸ ಅಂದು ನಿಜದ ಕೆಲಸವಾಯಿತು. ಪರಂಪರೆಯ ಮನೆಗಳಿಗೆ ಬೆಂಕಿ ತಗಲಲಿಲ್ಲ.

ಹಾಗೆಂದು ಇಲ್ಲಿ ಚಿಂತೆ ಇಲ್ಲವೆಂದಲ್ಲ. ಎರಡನೆಯ ಮಹಾಯುದ್ಧದ ನಂತರ ದೇಶದಾದ್ಯಂತ ಇಪ್ಪತ್ತು ಲಕ್ಷದಷ್ಟಿದ್ದ ಶೋಬೋದಾನ್ ಸದಸ್ಯರು ಈಗ ಎಂಟು ಲಕ್ಷಕ್ಕಿಂತ ಕಡಿಮೆ. ಹಳ್ಳಿಯ ಹುಡುಗರು ಓದು, ಉದ್ಯೋಗ ಎಂದು ಪಟ್ಟಣ ಸೇರುತ್ತಿದ್ದಾರೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ರಾತ್ರಿ ಗಸ್ತಿಗೆ ಹೊರಡುವ ಕಾಲುಗಳನ್ನು ಎಲ್ಲಿಂದ ತರುವುದು?

ಬಸ್ಸಿನಲ್ಲಿ ಹಿಂದಿರುಗುವಾಗ ನಮ್ಮ ಶಾಲೆಗಳು ನೆನಪಾದವು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗೊಂದು ಸಿಡಿದಾಗ ಬೆಂಕಿ ಆರಿಸಲು ಹೋಗಿ ಮಡಿದವರ ನೆನಪಿಗೆ ನಾವು ಪ್ರತಿವರ್ಷ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುತ್ತೇವೆ. ಆ ಹೊತ್ತಿಗೆ ನಮ್ಮ ಮಕ್ಕಳಿಗೆ ಬೇಸಿಗೆ ರಜೆ! ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆ ನಮ್ಮ ಬಾಯಲ್ಲಿದೆ, ಬಾವಿ ಮಾತ್ರ ಒಗಿಮಾಚಿಯಲ್ಲಿದೆ.

ರಜೆಯಾದರೇನು, ಮನೆಗೆ ರಜೆಯಿಲ್ಲವಲ್ಲ. ಇಂದು ಸಂಜೆಯೇ ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಕೇಳಿಕೊಳ್ಳಬಹುದು: ಹೊಗೆ ತುಂಬಿದರೆ ಹೊರಹೋಗುವ ದಾರಿ ಯಾವುದು? ಹೊರಗೆ ಎಲ್ಲಿ ಸೇರಬೇಕು? ಗ್ಯಾಸಿನ ರೆಗ್ಯುಲೇಟರ್ ಮುಚ್ಚಲು ಯಾರಿಗೆ ಬರುತ್ತದೆ? 112ಕ್ಕೆ ಫೋನು ಮಾಡಿದರೆ ಮನೆಯ ಗುರುತು ಹೇಳಲು ಚಿಕ್ಕವನಿಗೆ ಗೊತ್ತೇ? ಪಕ್ಕದ ಮನೆಯ ಅಜ್ಜಿಯನ್ನು ಕರೆತರುವವರು ಯಾರು?

ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕ ದಿನ ನಮ್ಮ ಬೀದಿಯಲ್ಲೂ ಗಸ್ತು ಶುರುವಾದಂತೆ.