ಫೈಲು ಯಾವ ಟೇಬಲ್ ಮೇಲಿದೆ?

ಊರಿಗೆ ಹೋದಾಗಲೆಲ್ಲ ಅಗಸಿ ಕಟ್ಟೆಯ ಮೇಲೆ ಕುಳಿತ ಹಿರಿಯರು ನನಗೆ ಎರಡೇ ಪ್ರಶ್ನೆ ಕೇಳುತ್ತಿದ್ದರು. 'ಇನ್ನೂ ಓದಾಕತ್ತೀ ಏನವ್ವಾ?' ಅಂತ ಒಂದು. 'ಪಗಾರ ಎಷ್ಟ್ ಕೊಡ್ತಾರ?' ಅಂತ ಇನ್ನೊಂದು. ಮೊದಲನೆಯದಕ್ಕೆ ಹೂಂ ಅನ್ನುತ್ತಿದ್ದೆ. ಎರಡನೆಯದಕ್ಕೆ ಮಾತು ಮರೆಸುತ್ತಿದ್ದೆ. ಕೊಡುತ್ತೇವೆ ಅಂತ ಕಾಗದದಲ್ಲಿತ್ತು, ಕೈಗೆ ಬರುತ್ತಿರಲಿಲ್ಲ.

ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದವರು ಒಂದೇ ವಿಷಯ ಹಿಡಿದು ನಾಲ್ಕೈದು ವರ್ಷ ಓಡಾಡಬೇಕು, ಓದಬೇಕು, ಬರೆಯಬೇಕು. ಆ ಹೊತ್ತಿಗೆ ವಯಸ್ಸು ಇಪ್ಪತ್ತೈದು ದಾಟಿರುತ್ತದೆ. ಮನೆಯಿಂದ ದುಡ್ಡು ಕೇಳಲು ನಾಚಿಕೆ, ಮನೆಯಲ್ಲೂ ಇರುವುದಿಲ್ಲ. ಅದಕ್ಕೇ ಫೆಲೋಶಿಪ್ ಅಂತ ಇರುವುದು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ ಯುಜಿಸಿ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ ನಿಗದಿ ಮಾಡಿದೆ. ಅದು ಸಿಗದವರಿಗೆ ವಿಶ್ವವಿದ್ಯಾಲಯದ ಮೂಲಕ ಬರುವ ಸಣ್ಣ ಮೊತ್ತವೇ ಗತಿ. ನಾನಿದ್ದ ಕಡೆ ಪರಿಶಿಷ್ಟ ಜಾತಿ, ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗೆ ಸರ್ಕಾರದ ಅನುದಾನದಿಂದ ತಿಂಗಳಿಗೆ 10 ಸಾವಿರ ಬರಬೇಕಿತ್ತು. ನಾನು ವಿದ್ಯಾರ್ಥಿ ಪ್ರತಿನಿಧಿಯಾದಾಗ ಅದು ನಿಂತು 7 ತಿಂಗಳಾಗಿತ್ತು.

ಪ್ರತಿನಿಧಿಯಾದೆ ಅಂದೆನಲ್ಲ, ನನಗೆ ಯಾರೂ ಓಟು ಹಾಕಿರಲಿಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು 1980ರ ದಶಕದ ಕೊನೆಯಲ್ಲೇ ನಿಂತವು. ಮುಂದೆ ಚುನಾವಣಾ ಆಯೋಗದ ಮಾಜಿ ಮುಖ್ಯಸ್ಥ ಜೆ.ಎಂ. ಲಿಂಗ್ಡೋ ಅವರ ಸಮಿತಿ ಇಂಥ ಚುನಾವಣೆ ಹೇಗೆ ನಡೆಯಬೇಕು ಅಂತ ವರದಿ ಕೊಟ್ಟಿತು. ಒಬ್ಬ ಅಭ್ಯರ್ಥಿ 5 ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡಬಾರದು, ಸಂಶೋಧನಾ ವಿದ್ಯಾರ್ಥಿಯಾದರೆ 28 ವರ್ಷದೊಳಗೆ ಇರಬೇಕು ಅಂತೆಲ್ಲ ಅದರಲ್ಲಿದೆ. ಸುಪ್ರೀಂ ಕೋರ್ಟ್ 2006ರಲ್ಲಿ ಅದನ್ನು ಒಪ್ಪಿತು. ದೆಹಲಿಯ ಜೆಎನ್‌ಯು, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಓಟು ಹಾಕಿಯೇ ಸಂಘ ಆರಿಸುತ್ತಾರೆ. ನಮ್ಮಲ್ಲಿ ಮಾತ್ರ ಎಂ.ಎ.ಯಲ್ಲಿ ಹೆಚ್ಚು ಅಂಕ ಬಂದವರ ಪಟ್ಟಿ ತೆಗೆದು ಸಮಿತಿ ಮಾಡಿದರು. ನನ್ನ ಅಂಕ ಕೆಲಸಕ್ಕೆ ಬಂತು, ಅಷ್ಟೆ. ಮೊದಲ ಸಭೆಯಲ್ಲಿ ಒಬ್ಬಳು ಎದ್ದು, 'ನಿಮ್ಮನ್ನ ಆರಿಸಿದ್ದು ನಾವಲ್ಲ, ನಿಮ್ಮನ್ನ ಕೇಳೂದಾದ್ರೂ ಹ್ಯಾಂಗ್ರಿ?' ಅಂದಳು. ನನಗೆ ಉತ್ತರ ತಿಳಿಯಲಿಲ್ಲ.

ಸಮಿತಿಗೆ ಬರುತ್ತಿದ್ದ ದೂರುಗಳು ಒಂದೆರಡಲ್ಲ. ಹಾಸ್ಟೆಲಿನಲ್ಲಿ ನೀರು ಬರುವುದಿಲ್ಲ. ಗ್ರಂಥಾಲಯ ರಾತ್ರಿ 8ರವರೆಗೆ ತೆರೆದಿರುತ್ತದೆ, ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೇ ಮುಚ್ಚುತ್ತದೆ. ಆದರೆ ಎಲ್ಲಕ್ಕಿಂತ ಮೇಲೆ ಫೆಲೋಶಿಪ್ ಇತ್ತು. ಮೆಸ್ ಬಿಲ್ ಕಟ್ಟದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರು. ಆ ಹೆಸರುಗಳಲ್ಲಿ ತತ್ವಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗನಿದ್ದ. ನನಗಿಂತ ಎರಡು ವರ್ಷ ಚಿಕ್ಕವನು, ಅಕ್ಕಾ ಅಂತಲೇ ಕರೆಯುತ್ತಿದ್ದ. ಭಜನಾ ಮೇಳದವರ ಹಿಂದೆ ಊರೂರು ಸುತ್ತಿ ನೂರಾರು ಪದಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದ. ಬರೆಯಲು ಕೊನೆಯ ಒಂದು ಅಧ್ಯಾಯ ಬಾಕಿ ಇತ್ತು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಆಡಳಿತ ಕಚೇರಿ ಮುಂದೆ ನಿಂತು ಘೋಷಣೆ ಕೂಗಿದೆವು. ಸಾಹೇಬರು ಹೊರಗೆ ಬಂದು, 'ಸರ್ಕಾರದಿಂದ ಬಿಡುಗಡೆ ಆಗಿಲ್ಲ, ಬಂದ ಕೂಡಲೇ ಹಾಕುತ್ತೇವೆ' ಅಂದರು. ಚಪ್ಪಾಳೆ ತಟ್ಟಿ ವಾಪಸ್ ಬಂದೆವು. ಒಂದು ತಿಂಗಳು ಹೋಯಿತು. ಏನೂ ಬರಲಿಲ್ಲ.

ಆಗ ಕಣ್ಣು ತೆರೆಸಿದವರು ಹಣಕಾಸು ವಿಭಾಗದ ಒಬ್ಬ ಹಳೆಯ ಗುಮಾಸ್ತರು. ಚಹಾ ಅಂಗಡಿಯಲ್ಲಿ ಸಿಕ್ಕವರು ಮೆಲ್ಲಗೆ ಹೇಳಿದರು: 'ತಂಗಿ, ಕೂಗಿದ್ರ ಫೈಲ್ ಓಡಂಗಿಲ್ಲ. ಅದು ಯಾವ ಟೇಬಲ್ ಮ್ಯಾಲ ಐತಿ ಅಂತ ಮೊದಲ ತಿಳ್ಕೊ.'

ಮರುದಿನವೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದೆವು. ಇದು 2005ರ ಕಾಯ್ದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ. 30 ದಿನದಲ್ಲಿ ಉತ್ತರ ಕೊಡಬೇಕು. ನಾವು 'ಯಾಕೆ ಕೊಟ್ಟಿಲ್ಲ' ಅಂತ ಕೇಳಲಿಲ್ಲ. ಕಳೆದ ಕಂತಿನ ಬಳಕೆ ಪ್ರಮಾಣಪತ್ರವನ್ನು ಸರ್ಕಾರಕ್ಕೆ ಕಳಿಸಿದ ದಿನಾಂಕ ಯಾವುದು, ಆ ಪತ್ರದ ಸಂಖ್ಯೆ ಏನು, ಕಳಿಸಿಲ್ಲವಾದರೆ ಕಡತ ಈಗ ಯಾರ ಬಳಿ ಇದೆ, ಈ ಮೂರನ್ನೇ ಕೇಳಿದೆವು. ಬಳಕೆ ಪ್ರಮಾಣಪತ್ರ ಅಂದರೆ, ಹಿಂದೆ ಕೊಟ್ಟ ದುಡ್ಡನ್ನು ಹೀಗೆ ಖರ್ಚು ಮಾಡಿದೆವು ಅಂತ ಲೆಕ್ಕ ಒಪ್ಪಿಸುವ ಕಾಗದ. ಅದು ಹೋಗದೆ ಮುಂದಿನ ಕಂತು ಬರುವುದಿಲ್ಲ.

27ನೇ ದಿನ ಉತ್ತರ ಬಂತು. ಓದಿ ಮುಖ ಸಣ್ಣದಾಯಿತು. ಪ್ರಮಾಣಪತ್ರ ಹೋಗಿಯೇ ಇರಲಿಲ್ಲ. ಕಾರಣ, 11 ವಿದ್ಯಾರ್ಥಿಗಳ ಆರು ತಿಂಗಳ ಪ್ರಗತಿ ವರದಿ ಬಂದಿರಲಿಲ್ಲ. ಆ 11ರಲ್ಲಿ 4 ಮಂದಿ ವರದಿಯನ್ನೇ ಬರೆದಿರಲಿಲ್ಲ. 5 ಮಂದಿಯದು ಮಾರ್ಗದರ್ಶಕರ ಸಹಿಗೆ ಕಾಯುತ್ತಿತ್ತು. ಇನ್ನಿಬ್ಬರದು ವಿಭಾಗದ ಮೊಹರು ಬೀಳದೆ ಕಪಾಟಿನಲ್ಲೇ ಉಳಿದಿತ್ತು. ಅಂದರೆ ನಾವು ಯಾರ ಮೇಲೆ ಕೂಗಿದ್ದೆವೋ ಆ ತಪ್ಪಿನ ಒಂದು ಪಾಲು ನಮ್ಮ ಹಾಸ್ಟೆಲ್ ಕೋಣೆಯಲ್ಲೇ ಇತ್ತು. ಕಚೇರಿಯ ತಪ್ಪೂ ಸಣ್ಣದಲ್ಲ. 11 ಹೆಸರು ಬಂದಿಲ್ಲ ಅಂತ ಒಂದು ನೋಟಿಸ್ ಹಚ್ಚಿದ್ದರೆ ವಾರದಲ್ಲಿ ಮುಗಿಯುವ ಕೆಲಸ. ಮೆಸ್ ಬಾಕಿ ಹೆಸರು ಹಚ್ಚಲು ಬಿಡುವು ಇದ್ದವರಿಗೆ ಈ ಹೆಸರು ಹಚ್ಚಲು ಬಿಡುವು ಇರಲಿಲ್ಲ.

ಬರೆಯದ ನಾಲ್ವರನ್ನು ಒಂದು ರಾತ್ರಿ ಕೂಡಿಸಿಕೊಂಡು ಬರೆಸಿದೆವು. ಸಹಿಗಾಗಿ ಮಾರ್ಗದರ್ಶಕರ ಮನೆಗೆ ಹೋದೆವು. ತತ್ವಪದದ ಹುಡುಗನ ಮಾರ್ಗದರ್ಶಕರು ದೀರ್ಘ ರಜೆಯಲ್ಲಿದ್ದರು. ಅವರ ಬದಲು ವಿಭಾಗದ ಮುಖ್ಯಸ್ಥರು ಸಹಿ ಮಾಡಬಹುದು ಅಂತ ಲಿಖಿತ ಅನುಮತಿ ತರುವುದಕ್ಕೇ 12 ದಿನ ಹಿಡಿಯಿತು.

ಅಷ್ಟರಲ್ಲಿ ಅವನು ಹಾಸ್ಟೆಲ್ ಬಿಟ್ಟಿದ್ದ. ಫೆಲೋಶಿಪ್ ನಿಂತ ಒಂಬತ್ತನೆಯ ತಿಂಗಳು ಅದು. ಊರಿಗೆ ಹೋಗಿರಬೇಕು ಅಂದುಕೊಂಡಿದ್ದೆವು. ಫೋನ್ ಮಾಡಿದರೆ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದ. ವರದಿಯನ್ನು ಅಲ್ಲಿಂದಲೇ ಸಹಿ ಹಾಕಿ ಪೋಸ್ಟಿನಲ್ಲಿ ಕಳಿಸಿದ.

ವರದಿಗಳು ಹೋದ ಮೇಲೂ ಎರಡು ತಿಂಗಳು ಏನೂ ಆಗಲಿಲ್ಲ. ಆಗ ಮತ್ತೆ ಧರಣಿ ಕುಳಿತೆವು. ಈ ಸಲ ಘೋಷಣೆ ಕಡಿಮೆ. ದೊಡ್ಡ ಬಿಳಿ ಹಾಳೆಯ ಮೇಲೆ ಕಡತ ಯಾವ ದಿನ ಯಾವ ವಿಭಾಗಕ್ಕೆ ಹೋಯಿತು, ಎಲ್ಲಿ ಎಷ್ಟು ದಿನ ನಿಂತಿತು ಅಂತ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕ ಹಚ್ಚಿದೆವು. ದಾಟಿ ಹೋಗುವವರೆಲ್ಲ ನಿಂತು ಓದಿದರು. ಸಂಜೆಯೊಳಗೆ ಕಡತ ಮುಂದಿನ ಟೇಬಲ್‌ಗೆ ಹೋಯಿತು. ಫೆಲೋಶಿಪ್ ನಿಂತ ಹದಿಮೂರನೆಯ ತಿಂಗಳಲ್ಲಿ ದುಡ್ಡು ಖಾತೆಗೆ ಬಿತ್ತು.

ಆ ಸಂಜೆ ಹಾಸ್ಟೆಲಿನಲ್ಲಿ ಹಬ್ಬ. ನಾನು ಅವನಿಗೆ ಫೋನ್ ಮಾಡಿದೆ. 'ಬಂತಕ್ಕಾ, ಮೆಸೇಜ್ ನೋಡಿದ್ಯಾ. ಮೆಸ್ ಬಾಕಿ ಕಟ್ಟಿಬಿಡ್ತೀನಿ,' ಅಂದ. ಯಾವಾಗ ಬರ್ತೀಯೋ ಅಂತ ಕೇಳಿದೆ. ಆ ಕಡೆ ಗಾಡಿಗಳ ಸದ್ದು. 'ಬರೂದು ಆಗೂದಿಲ್ಲಕ್ಕಾ. ತಂಗಿ ಲಗ್ನ ನಿಶ್ಚಯ ಆಗೇತಿ, ಗಾಡಿ ಕಂತು ಬ್ಯಾರೆ ಐತಿ.' ಕೊನೆಯ ಅಧ್ಯಾಯ ಹಾಗೇ ಉಳಿಯಿತು.

ನಾವು ಗೆದ್ದೆವಾ, ಸೋತೆವಾ ಅಂತ ಈಗಲೂ ಯೋಚಿಸುತ್ತೇನೆ. ದುಡ್ಡು ತಂದೆವು, ಅವನನ್ನು ಉಳಿಸಿಕೊಳ್ಳಲಿಲ್ಲ. ಮೊದಲ ತಿಂಗಳು ಘೋಷಣೆ ಕೂಗಿ ಚಪ್ಪಾಳೆ ತಟ್ಟುವ ಬದಲು ಆ ಮೂರು ಪ್ರಶ್ನೆ ಕೇಳಿದ್ದರೆ ಅವನು ಇರುತ್ತಿದ್ದನೋ ಏನೋ. ಕಚೇರಿಗೆ ಒಂದು ತಿಂಗಳು ಅಂದರೆ ಕ್ಯಾಲೆಂಡರಿನ ಒಂದು ಹಾಳೆ. ಅವನಿಗೆ ಅದು ಮೂವತ್ತು ದಿನದ ಊಟ.

ಗೇಟಿನ ಸಮಯ ರಾತ್ರಿ ಎಂಟೂವರೆ ಆಯಿತು, ಅದೂ ಇದೇ ದಾರಿಯಲ್ಲಿ, ಕಾಗದದ ಮೇಲೆ. ಮೊದಲ ಸಭೆಯಲ್ಲಿ ಪ್ರಶ್ನೆ ಕೇಳಿದವಳೇ ಆ ಅರ್ಜಿ ಬರೆದಳು. ನನ್ನ ಅವಧಿ ಮುಗಿದಾಗ ನನ್ನ ಜಾಗಕ್ಕೆ ಅವಳೇ ಬರಬೇಕು ಅಂತ ನಾವೆಲ್ಲ ಕೈ ಎತ್ತಿದೆವು. ಅದು ನಿಯಮದಲ್ಲಿ ಇರಲಿಲ್ಲ. ಅಂಕಪಟ್ಟಿಯಲ್ಲಿ ಮೇಲಿದ್ದ ಇನ್ನೊಬ್ಬರು ಬಂದರು. ಕಡತಗಳ ದಿನಾಂಕ ಬರೆದಿಟ್ಟ ನೋಟ್‌ಬುಕ್ ಮಾತ್ರ ಅವಳ ಕೈಗೆ ಕೊಟ್ಟು ಬಂದೆ.

ಹೋದ ತಿಂಗಳು ಊರಲ್ಲಿ ದೊಡ್ಡಮ್ಮ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದೆ ಅಂತ ಕಣ್ಣೀರು ಹಾಕಿದಳು. ಮೂರು ಸಲ ನಾಡಕಚೇರಿಗೆ ಹೋಗಿ ಬಂದಿದ್ದಳು. 'ಅರ್ಜಿ ಕೊಟ್ಟಿದ್ದಕ್ಕ ಸ್ವೀಕೃತಿ ತಗೊಂಡೀಯೇನವ್ವಾ?' ಅಂತ ಕೇಳಿದೆ. ಇಲ್ಲ ಅಂದಳು. ನಾಲ್ಕನೇ ಸಲ ನಾನೂ ಜೊತೆಗೆ ಹೋದೆ. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಂಡೆವು. ಪಿಂಚಣಿ ಇನ್ನೂ ಬಂದಿಲ್ಲ. ಆದರೆ ಈಗ ಅವಳ ಅರ್ಜಿ ಯಾವ ಟೇಬಲ್ ಮೇಲಿದೆ ಅಂತ ಅವಳಿಗೆ ಗೊತ್ತು. ಸೋಮವಾರ ಮತ್ತೆ ಹೋಗುತ್ತಾಳೆ.