ಒಂದೇ ಜೀವ, ಎರಡು ಹೆಸರು

ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಕಾವೇರಿ ಬಾಗಿ ಹರಿಯುತ್ತಾಳೆ. ಊರಿನ ಹೆಸರನ್ನು ಆ ಬಾಗಿಗೆ ಸಂಬಂಧಿಸಿ ಹೇಳುವುದುಂಟು. ಸೋಮಗಿರಿಯ ಮೇಲೆ ಮಲ್ಲಿಕಾರ್ಜುನನೊಡನೆ ಭ್ರಮರಾಂಬಿಕೆಯಿದ್ದಾಳೆ. ದುಂಬಿಯೊಂದು ದೇವಿಯ ಹೆಸರಿನಲ್ಲಿಯೇ ನೆಲೆಸಿರುವ ಈ ಬೆಟ್ಟದ ಬುಡದಲ್ಲಿ ಕಬ್ಬು ಬೆಳೆಯುವ ಹಿರಿಯ ರೈತರೊಬ್ಬರಿಗೆ ಮಾತ್ರ ಹುಳುವೆಂದರೆ ಹಗೆ. ನೆಟ್ಟ ಕಬ್ಬಿನ ತುಂಡುಗಳ ಕಣ್ಣನ್ನು ಮಣ್ಣೊಳಗೇ ಕೊರೆಯುವ, ತಂತಿಯಂತೆ ಬಿರುಸಾದ, ಹಳದಿಮಿಶ್ರಿತ ಕಂದುಬಣ್ಣದ ಹುಳುಗಳನ್ನು ಅವರು ಬಲ್ಲರು. ‘ತಂತಿಹುಳು’ ಎಂದೊಡನೆ ಅವರ ಕೈ ವಿಷದ ಡಬ್ಬಿಯತ್ತ ಹೋಗುತ್ತಿತ್ತು.

ಮುಂಗಾರಿನ ಒಂದು ಸಂಜೆ ಜಗುಲಿಯ ದೀಪಕ್ಕೆ ಬಂದ ಕಂದು ಜೀರುಂಡೆಯೊಂದು ನೆಲದ ಮೇಲೆ ಅಂಗಾತ ಬಿದ್ದಿತು. ಕಾಲುಗಳು ಗಿಡ್ಡ, ಎಷ್ಟು ಆಡಿಸಿದರೂ ಆಸರೆ ಸಿಗದು. ಕ್ಷಣಕಾಲ ಅದು ನಿಶ್ಚಲವಾಯಿತು. ಮರುಕ್ಷಣ ‘ಟಕ್’ ಎಂದು ಸಿಡಿದು, ಗಾಳಿಯಲ್ಲಿ ಮಗುಚಿ, ಕಾಲೂರಿ ನಡೆಯಿತು. ಬೆರಳ ಚಿಟಿಕೆಯ ಸದ್ದನ್ನು ಕೇಳಿದಂತಾಗಿ ಮೊಮ್ಮಗಳು ಅದಕ್ಕೆ ‘ಚಿಟಿಕೆಹುಳು’ ಎಂದು ಹೆಸರಿಟ್ಟಳು. ಬಾಲ್ಯದಲ್ಲಿ ತಾವೂ ಅದನ್ನು ಅಂಗೈಯಲ್ಲಿ ಮಲಗಿಸಿ ಆಡಿದ್ದು ಅಜ್ಜನಿಗೆ ನೆನಪಾಯಿತು.

ಈ ಕೀಟದ ಎದೆಯಡಿಯಲ್ಲಿ ಒಂದು ಮುಳ್ಳು, ಅದಕ್ಕೆ ತಕ್ಕ ಒಂದು ಕುಳಿ ಇವೆ. ಮೈಯನ್ನು ಬಾಗಿಸಿ ಮುಳ್ಳನ್ನು ಕುಳಿಯ ಅಂಚಿಗೆ ತಡೆಗೊಟ್ಟು, ಸ್ನಾಯುಗಳನ್ನು ಬಿಗಿದು ಹಿಡಿಯುತ್ತದೆ. ಮುಳ್ಳು ಜಾರಿದೊಡನೆ ಕೂಡಿಟ್ಟ ಬಲವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಯುರೋಪಿನ ಒಂದು ಪ್ರಭೇದವು ಹೀಗೆ ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ನೆಗೆಯುವುದನ್ನು 1972ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 10,000 ಪ್ರಭೇದಗಳಿವೆ. ಜಪಾನೀ ಭಾಷೆ ಈ ಕೀಟವನ್ನು ‘ಅಕ್ಕಿ ಕುಟ್ಟುವ ಹುಳು’ ಎಂದು ಕರೆಯುತ್ತದೆ.

ಕೃಷಿ ಓದುತ್ತಿದ್ದ ಮಗ ಆ ರಾತ್ರಿ ಹೇಳಿದ ಮಾತು ಚಿಕ್ಕದು: ತಂತಿಹುಳು ಈ ಜೀರುಂಡೆಯ ಮರಿಯೇ. ಅಜ್ಜ ನಂಬಲಿಲ್ಲ. ಆಟದ ಗೆಳೆಯನೂ ಹೊಲದ ಹಗೆಯೂ ಎರಡು ಹೆಸರಿನಲ್ಲಿ, ನಡುವೆ ಸೇತುವೆಯಿಲ್ಲದೆ, ಅವರೊಳಗೆ ಅರುವತ್ತು ವರ್ಷ ಬಾಳಿದ್ದವು. ಎಲ್ಲ ಪ್ರಭೇದಗಳ ಮರಿಗಳೂ ಬೆಳೆಯನ್ನು ತಿನ್ನುವುದಿಲ್ಲ, ಕೊಳೆತ ಮರದೊಳಗಿದ್ದು ಬೇರೆ ಕೀಟಗಳ ಮರಿಗಳನ್ನು ತಿಂದು ಬದುಕುವವೂ ಉಂಟು ಎಂಬುದನ್ನೂ ಮಗ ತಿಳಿಸಿದ.

ಬೆಳೆಯ ನಷ್ಟ ಇದರಿಂದ ಸುಳ್ಳಾಗಲಿಲ್ಲ. ಆದರೆ ಆ ವರ್ಷ ಅವರು ಡಬ್ಬಿಯನ್ನು ತೆರೆಯುವ ಮೊದಲು ಗುದ್ದಲಿ ಹಿಡಿದರು. ಅಲ್ಲಲ್ಲಿ ಮಣ್ಣು ಬಗೆದು ಹುಳುಗಳನ್ನು ಎಣಿಸಿದರು. ಅಂಗೈಯಲ್ಲಿ ಹೊರಳಿದ ಒಂದನ್ನು ಕಂಡು ಮೊಮ್ಮಗಳು ಇದು ಯಾವುದೆಂದು ಕೇಳಿದಳು. ಹಳೆಯ ಹೆಸರು ಅವರ ಬಾಯಿಗೆ ಬರಲಿಲ್ಲ. “ಚಿಟಿಕೆಹುಳುವಿನ ಮರಿ” ಎಂದರು.